ಉಮಾಶಂಕರನ ಎಡಗಣ್ಣು

"ಸೋದರಿಕೆ ಬೇಡ ಅಂದ್ರಿ, ಬಿಟ್ಟೆ. ತೆಲುಗರ ಮನೆಯಿಂದ ಹೆಣ್ಣು ತಂದೆ. ಆದ್ರೂ ನನ್ನ ಮಗಳಿಗೆ ಯಾಕೆ ಬಂತು ಸಾರ್?"

೧೯೮೯ರ ಜುಲೈನಲ್ಲಿ, ವಿಶಾಖಪಟ್ಟಣದ ಆಸ್ಪತ್ರೆಯೊಂದರ ಮೆಟ್ಟಿಲ ಮೇಲೆ ಕುಳಿತು ಉಮಾಶಂಕರ ನನ್ನನ್ನು ಹೀಗೆ ಕೇಳಿದ. ಒಳಗೆ ಅವನ ಹದಿನಾಲ್ಕು ತಿಂಗಳ ಮಗಳು ಕನಕದುರ್ಗಳ ಬಲಗಣ್ಣನ್ನು ಆಗಷ್ಟೇ ತೆಗೆದಿದ್ದರು. ಕಣ್ಣಿನ ಒಳಪೊರೆಯಲ್ಲಿ, ಎಳೆಯ ಮಕ್ಕಳಲ್ಲಷ್ಟೇ ಹುಟ್ಟುವ ಕ್ಯಾನ್ಸರ್ ಅದು. ದೀಪದ ಬೆಳಕಿಗೆ ಮಗುವಿನ ಪಾಪೆ ಬೆಳ್ಳಗೆ ಹೊಳೆಯುವುದನ್ನು ತಾಯಿ ಗಂಗಾಭವಾನಿ ಕಂಡು ಹೇಳಿರದಿದ್ದರೆ ಮಗುವೇ ಉಳಿಯುತ್ತಿರಲಿಲ್ಲ.

ಈ ಪ್ರಶ್ನೆ ನನ್ನ ಪಾಲಿಗೆ ಬಂದದ್ದು ನನ್ನದೇ ತಪ್ಪಿನಿಂದ. ಆರು ವರ್ಷಗಳ ಹಿಂದೆ ಅಲ್ಲಿನ ಕನ್ನಡ ಸಂಘದಲ್ಲಿ ರಕ್ತಸಂಬಂಧದ ಮದುವೆಗಳ ವಿರುದ್ಧ, ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದ ನಾನು ಒಂದು ಗಂಟೆ ಮಾತನಾಡಿದ್ದೆ. ನೌಕಾಪಡೆಯ ಕುಟುಂಬಗಳು ಚಪ್ಪಾಳೆ ತಟ್ಟಿದವು. ರಜೆಗೆ ಊರಿಗೆ ಹೋದಾಗ ಅಕ್ಕನ ಮಗಳನ್ನೇ ಗೊತ್ತುಮಾಡಿಕೊಂಡು ಬಂದವು. ನನ್ನ ಮಾತನ್ನು ನಡೆಸಿದವನು ಉಮಾಶಂಕರನೊಬ್ಬನೇ. ಅವನ ತಾಯಿ ನಾಗಮ್ಮ ಸ್ವಂತ ಸೋದರಮಾವನನ್ನು ಮದುವೆಯಾಗಿ, ನೌಕಾಪಡೆಯಲ್ಲಿದ್ದ ಆ ಗಂಡನ ಹಿಂದೆ ಚಿತ್ರದುರ್ಗದ ಕಡೆಯಿಂದ ಬಂದವರು. ಮಗನಿಗೂ ಸಂಬಂಧದಲ್ಲೇ ಹೆಣ್ಣು ಸಿದ್ಧವಿತ್ತು. ಅವನು ಅದನ್ನು ನಿರಾಕರಿಸಿ, ವಿಜಯವಾಡದ ಪಟಮಟದಿಂದ ಗಂಗಾಭವಾನಿಯನ್ನು ತಂದ.

ಡಾಕ್‌ಯಾರ್ಡಿನ ಡ್ರಾಯಿಂಗ್ ಆಫೀಸಿನಲ್ಲಿ ಅವನು ಟ್ರೇಸರ್. ಎಂಜಿನಿಯರುಗಳು ಬರೆದ ನಕ್ಷೆಗಳ ಮೇಲೆ ತೆಳುಹಾಳೆ ಹರಡಿ ಶಾಯಿಯಲ್ಲಿ ತಿದ್ದುವುದು ಅವನ ಕೆಲಸ. ಅದನ್ನು ಒಂದೇ ಕಣ್ಣಿನಿಂದ ಮಾಡುತ್ತಿದ್ದ. ಅವನ ಎಡಗಣ್ಣು ಎರಡು ವರ್ಷದವನಿದ್ದಾಗಲೇ ಹೋಗಿತ್ತು. ಊರಿನಲ್ಲಿ ಹೋರಿ ತಿವಿದದ್ದೆಂದು ನಾಗಮ್ಮ ಹೇಳುತ್ತಿದ್ದರು. ಹೆಣ್ಣು ಕೇಳಲು ಹೋದಾಗಲೂ ಪಟಮಟದವರಿಗೆ ಅದನ್ನೇ ಹೇಳಿದ್ದರು. ಆಸ್ಪತ್ರೆಯ ವೈದ್ಯರು ವಿಚಾರಿಸಿದಾಗಲೂ ಅದನ್ನೇ ಹೇಳಿದರು.

ಅವನ ಪ್ರಶ್ನೆಗೆ ಉತ್ತರ ಹುಡುಕಲು ನನಗೆ ಎರಡು ವರ್ಷ ಬೇಕಾಯಿತು. ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಹೊಸ ವಿಜ್ಞಾನ ಪತ್ರಿಕೆಗಳನ್ನು ಓದಿ ತಿಳಿದುಕೊಂಡದ್ದನ್ನು ಅವನ ಕಸುಬಿನ ಮಾತಿನಲ್ಲೇ ವಿವರಿಸಿದೆ. ಜೀವಕೋಶದ ಕೇಂದ್ರದಲ್ಲಿರುವ ಮೂಲ ನಕ್ಷೆಗಳು, ಅಂದರೆ ಜೀನುಗಳು, ಅಲ್ಲಿಂದ ಹೊರಗೆ ಹೋಗುವುದಿಲ್ಲ, ನಕಲುಗಳಷ್ಟೇ ಹೋಗುತ್ತವೆ. ಯಾವ ನಕ್ಷೆಯ ನಕಲು ಯಾವಾಗ ಹೊರಡಬೇಕೆಂದು ನಿರ್ಧರಿಸುವ ಪ್ರೋಟೀನುಗಳಿಗೆ ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್ ಎಂದು ಹೆಸರು. ಅವುಗಳಲ್ಲಿ ಇ-ಟು-ಎಫ್ ಎಂಬುದೊಂದು, ಕೋಶ ಎರಡಾಗಲು ಬೇಕಾದ ನಕ್ಷೆಗಳನ್ನು ತೆಗೆಸುತ್ತದೆ. ವೇಳೆ ಬರುವವರೆಗೆ ಅದರ ಕೈ ಹಿಡಿದು ನಿಲ್ಲಿಸಲು ಮತ್ತೊಂದು ಪ್ರೋಟೀನು ಇದೆ. ಆ ಕಾವಲಿನ ಪ್ರೋಟೀನು ಇಲ್ಲವಾದರೆ ನಕಲುಗಳು ಎಡೆಬಿಡದೆ ಹೊರಡುತ್ತವೆ. ಕೋಶ ಒಡೆಯುತ್ತಲೇ ಹೋಗುತ್ತದೆ.

"ಅಷ್ಟು ಮುಖ್ಯವಾದ ಕೆಲಸಕ್ಕೆ ಒಬ್ಬನೇ ಕಾವಲುಗಾರನಾ? ನಮ್ಮ ರೆಕಾರ್ಡ್ ರೂಮಲ್ಲೇ ಇಬ್ಬರಿದಾರೆ" ಎಂದ.

ಇಲ್ಲಿಯೂ ಆ ಕಾವಲುಗಾರನ ನಕ್ಷೆಗೆ ಎರಡು ಪ್ರತಿಗಳಿವೆ, ತಾಯಿಯಿಂದ ಒಂದು, ತಂದೆಯಿಂದ ಒಂದು ಎಂದೆ. ಒಂದು ಪ್ರತಿ ಹುಟ್ಟಿನಿಂದಲೇ ಕೆಟ್ಟಿದ್ದರೆ, ಬೆಳೆಯುವ ಕಣ್ಣಿನ ಯಾವುದೋ ಒಂದು ಕೋಶದಲ್ಲಿ ಇನ್ನೊಂದು ಕೆಟ್ಟರೂ ಸಾಕು. ಹಾಗೆ ಕೆಟ್ಟ ಪ್ರತಿಯನ್ನು ಹೊತ್ತವರ ಮಕ್ಕಳಲ್ಲಿ ಸರಾಸರಿ ಅರ್ಧದಷ್ಟು ಮಂದಿಗೆ ಅದು ಹೋಗುತ್ತದೆ. ಸೋದರಿಕೆಗೂ ಇದಕ್ಕೂ ಸಂಬಂಧವೇ ಇಲ್ಲ. ನನ್ನ ಹಳೆಯ ಭಾಷಣವನ್ನು ಈ ರೋಗದ ಮಟ್ಟಿಗೆ ಹಿಂತೆಗೆದುಕೊಂಡೆ. ಆದರೆ ಭಾಷಣ ಊರಿನ ತುಂಬ ಹರಡಿತ್ತು. ತಿದ್ದುಪಡಿ ಯಾರಿಗೂ ಬೇಕಿರಲಿಲ್ಲ.

ಗಂಗಾಭವಾನಿ ಆಗ ಎರಡನೆಯ ಬಸುರಿ. ಇನ್ನು ಎಲ್ಲವೂ ಉಮಾಶಂಕರನ ಎಡಗಣ್ಣಿನ ಮೇಲೆ ನಿಂತಿತು. ಅದನ್ನು ಹೋರಿಯೇ ತಿವಿದಿದ್ದರೆ ಹುಟ್ಟುವ ಮಗುವಿಗೆ ಅಪಾಯ ಅತಿ ಕಡಿಮೆ. ಮಗಳಿಗೆ ಬಂದಂಥ ಗಡ್ಡೆಯಿಂದ ಹೋಗಿದ್ದರೆ ಅರ್ಧಕ್ಕರ್ಧ. ಹುಟ್ಟಿದ ತಿಂಗಳಿನಿಂದಲೇ ಮಗುವಿಗೆ ಅರಿವಳಿಕೆ ಕೊಟ್ಟು ಮತ್ತೆ ಮತ್ತೆ ಕಣ್ಣು ಪರೀಕ್ಷಿಸಬೇಕು. ತಡವಾದರೆ ಇನ್ನೊಂದು ಮಗುವಿನ ಕಣ್ಣೂ ಹೋಗುತ್ತದೆ. ನಾನು ನಾಗಮ್ಮನವರನ್ನು ನೇರವಾಗಿಯೇ ಕೇಳಿದೆ.

"ಹೋರಿ ಕಣಪ್ಪ. ನಾನೇ ಸೆರಗಲ್ಲಿ ರಕ್ತ ಒರೆಸಿದೀನಿ" ಎಂದರು, ಸೊಪ್ಪು ಸೋಸುತ್ತಿದ್ದ ಕೈ ನಿಲ್ಲಿಸದೆ. ಹೋರಿಯ ಬಣ್ಣ ಯಾವುದೆಂದು ಕೇಳಿದೆ. ಅದು ಬಿಳಿ ಎಂದರು. ಮುಂದಿನ ವಾರ ಕೇಳಿದಾಗ ಅದು ಕಂದು ಬಣ್ಣದ್ದಾಗಿತ್ತು.

೧೯೯೨ರ ಜನವರಿಯಲ್ಲಿ ಅಶೋಕ ಹುಟ್ಟಿದ. ಮಾರ್ಚಿನವರೆಗೆ ಕಾದೆ, ಪರೀಕ್ಷೆಯ ಸುದ್ದಿಯೇ ಇಲ್ಲ. ಏಪ್ರಿಲಿನ ಒಂದು ಭಾನುವಾರ ಹೋಗಿ ಉಮಾಶಂಕರನ ಮೇಲೆ ರೇಗಿದೆ. ಓದುಬರಹ ಬಲ್ಲವನು, ಅಂಗುಲದ ನೂರನೆಯ ಭಾಗಕ್ಕೆ ಜಗಳವಾಡುವವನು, ಮಗನ ವಿಷಯದಲ್ಲಿ ಹೋರಿಯನ್ನು ನಂಬಿ ಕುಳಿತಿದ್ದೀಯಲ್ಲ ಎಂದು ಕೂಗಾಡಿದೆ. ಅವನು ಮಗುವಿನ ಕುಲಾವಿ ಸರಿಪಡಿಸುತ್ತ ಎಲ್ಲವನ್ನೂ ಕೇಳಿಸಿಕೊಂಡ.

"ನೋಡೋಣ ಸಾರ್. ಕಾಫಿ ಆರ್ತಾ ಇದೆ" ಎಂದ.

ಅದಾದ ಮೇಲೆ ಒಂದೂವರೆ ವರ್ಷ ಆ ಮನೆಯ ಮೆಟ್ಟಿಲು ಹತ್ತಲಿಲ್ಲ. ತಿಳಿವಳಿಕೆಯಿಲ್ಲದವರ ಹಟವನ್ನು ಸಹಿಸಬಹುದು. ವಿವರಿಸಿದ್ದೆಲ್ಲ ಅರ್ಥವಾದ ಮೇಲೂ ಕದಲದವರನ್ನು ಏನು ಮಾಡುವುದು? ಮುಂದೆ ಅಶೋಕ ಎರಡು ಕಣ್ಣುಗಳಿಂದಲೂ ನೋಡುತ್ತ ಶಾಲೆಗೆ ಸೇರಿದಾಗ, ಅದೃಷ್ಟ ಇಂಥವರನ್ನೇ ಹುಡುಕಿ ಬರುತ್ತದೆಂದು ಗೊಣಗಿಕೊಂಡೆ. ಅವರ ಅದೃಷ್ಟದಿಂದ ನನ್ನ ವಾದ ಸುಳ್ಳಾದಂತೆ ಕಂಡದ್ದೂ ನನ್ನ ಬೇಸರದ ಒಂದು ಭಾಗವಾಗಿತ್ತು.

೧೯೯೭ರಲ್ಲಿ ಉಮಾಶಂಕರನ ತೊಡೆಯ ಮೂಳೆಯಲ್ಲಿ ಕ್ಯಾನ್ಸರ್ ಕಾಣಿಸಿತು. ಹುಟ್ಟಿನಿಂದ ಆ ಕೆಟ್ಟ ಪ್ರತಿಯನ್ನು ಹೊತ್ತವರಿಗೆ ಮುಂದೆ ಮೂಳೆಯಲ್ಲೂ ಬರುವುದುಂಟೆಂದು ಓದಿದ್ದೆ. ನನ್ನ ವಾದ ಗೆದ್ದ ಹಾಗಾಯಿತು, ಗೆದ್ದು ಮಾಡುವುದೇನೂ ಇರಲಿಲ್ಲ. ನಲವತ್ತೆರಡು ತುಂಬಿರಲಿಲ್ಲ, ಅವನು ತೀರಿಕೊಂಡ. ಮಂಚದ ಪಕ್ಕದಲ್ಲಿ ಕುಳಿತು ನಾಗಮ್ಮ ಬಂದವರಿಗೆಲ್ಲ ಹೋರಿಯ ಕಥೆಯನ್ನೇ ಹೇಳುತ್ತಿದ್ದರು.

ತಿಂಗಳಾದ ಮೇಲೆ ಗಂಗಾಭವಾನಿ, ಕಾಗದಪತ್ರಗಳನ್ನು ವಿಂಗಡಿಸಲು ನನ್ನನ್ನು ಕರೆದಳು. ವಿಜಯವಾಡದ ಕಣ್ಣಾಸ್ಪತ್ರೆಯದೊಂದು ಫೈಲನ್ನು ಮುಂದಿಟ್ಟು, ಮಾತನ್ನು ಅಳೆದು ಅಳೆದು ಆಡಿದಳು.

"ದುರ್ಗಳ ಆಪರೇಷನ್ ಆದ ವಾರಾನೇ ಅತ್ತೆಗಾರು ನಮ್ಮ ಯಜಮಾನ್ರಿಗೆ ಕಣ್ಣಿನ ನಿಜ ಹೇಳಿಬಿಟ್ಟಿದ್ರು ಸಾರ್. ನಮ್ಮ ನಾನ್ನಗೆ, ಪಟಮಟದಲ್ಲಿರೋ ನಮ್ಮಪ್ಪಂಗೆ, ತಿಳಿಬಾರ್ದು ಅಂತ ಮಾತು ತಗೊಂಡ್ರು. ಸುಳ್ಳು ಹೇಳಿ ಹೆಣ್ಣು ತಂದ್ರು ಅಂತಾರಲ್ಲ, ಅದಕ್ಕೆ. ದುರ್ಗಳ ಗಾಜಿನ ಕಣ್ಣು ಬದಲಾಯಿಸ್ಬೇಕು ಅಂತ ಹೇಳಿ, ಇಬ್ಬರು ಮಕ್ಕಳನ್ನೂ ಕರ್ಕೊಂಡು ಹೋಗ್ತಿದ್ವಿ."

ನನಗೇಕೆ ಹೇಳಲಿಲ್ಲವೆಂದು ಕೇಳಿದೆ.

"ನಿಮಗೆ ಹೇಳಿದ್ರೆ ಸಂಘಕ್ಕೆ ಹೇಳಿದ ಹಾಗೆ ಅಂತಿದ್ರು. ಕೋಪ ಮಾಡ್ಕೋಬೇಡಿ."

ಮೊದಲ ಹಾಳೆಯ ದಿನಾಂಕ ೧೯೯೨ರ ಫೆಬ್ರವರಿ ಹನ್ನೊಂದು. ನಾನು ಕೂಗಾಡಿದ ಭಾನುವಾರಕ್ಕಿಂತ ಎರಡು ತಿಂಗಳು ಹಿಂದಿನದು. ತಂದೆಯ ಎಡಗಣ್ಣನ್ನು ಎಳವೆಯಲ್ಲಿ ಗಡ್ಡೆಯ ಕಾರಣ ತೆಗೆದದ್ದೆಂದು ಅದರಲ್ಲಿ ಬರೆಸಿದ್ದ. ನಾಲ್ಕನೆಯ ಹಾಳೆ ಆಗಸ್ಟಿನದು: ಏಳು ತಿಂಗಳ ಅಶೋಕನ ಬಲಗಣ್ಣಿನ ಅಂಚಿನಲ್ಲಿ ಎಳ್ಳಿನಷ್ಟು ಗಡ್ಡೆ ಸಿಕ್ಕಿತ್ತು, ಅದನ್ನು ಅಂದೇ ಸುಟ್ಟುಹಾಕಿದ್ದರು.