ಕಪ್ಪೆಯಿಲ್ಲದ ಬಿಂದಿಗೆ

ಎದುರುಮನೆಯ ನಂಜಮ್ಮತ್ತೆ ಬಾಗಿಲಿಗೆ ತಂದ ಬಿಂದಿಗೆಗೆ ನೀರು ಹೊಯ್ಯಲು ಬಗ್ಗಿದೆ. ಒಳಗೆ ಬೇವಿನ ಸೊಪ್ಪಿತ್ತು, ಕಪ್ಪೆ ಇರಲಿಲ್ಲ.

ಮಳೆ ತಡವಾದರೆ ನಮ್ಮೂರಿನ ಹೆಂಗಸರು ಅಂಬಾಜಿದುರ್ಗ ಬೆಟ್ಟದ ಬಂಡೆಹೊಂಡದಿಂದ ಕಪ್ಪೆಯೊಂದನ್ನು ತಂದು, ಬೇವಿನ ಸೊಪ್ಪಿನಲ್ಲಿಟ್ಟು ಮನೆಮನೆಗೆ ಒಯ್ಯುತ್ತಾರೆ. ಪ್ರತಿ ಮನೆಯವರೂ ಅದರ ಮೇಲೆ ನೀರು ಹೊಯ್ಯಬೇಕು. ಕಪ್ಪೆ ಕೂಗಿ ಕರೆದರೆ ಮಳೆ ಬರುತ್ತದೆಂಬ ನಂಬಿಕೆ. ಸಂಜೆ ಅದನ್ನು ಮತ್ತೆ ಹೊಂಡಕ್ಕೇ ಬಿಟ್ಟು ಬರುತ್ತಾರೆ. ಮೊದಲೇ ಅಪರೂಪವಾಗಿದ್ದ ಆ ಪುಟ್ಟ ಕಪ್ಪೆಗಳು, ಈ ಬೇಸಿಗೆಯಲ್ಲಿ ಬೆಟ್ಟಕ್ಕೆ ಬೆಂಕಿ ಬಿದ್ದ ಮೇಲೆ ಯಾರಿಗೂ ಕಂಡಿರಲಿಲ್ಲ.

“ಕಪ್ಪೇನೇ ಇಲ್ವಲ್ಲ ಅತ್ತೆ, ನೀರು ಯಾಕೆ?” ಎಂದೆ.

“ಇಷ್ಟು ವರ್ಷ ಅದೇ ನಮ್ಮ ಬಾಗಿಲಿಗೆ ಬರ್ತಿತ್ತು. ಈ ಸಲ ನಾವೇ ಅದರ ಬಾಗಿಲಿಗೆ ಹೋಗಣ ಕಣಮ್ಮ. ಎಲ್ಲಾದ್ರೂ ಒಂದು ಉಳ್ಕಂಡಿದ್ರೆ ತಂಪಾಗ್ಲಿ.”

ನಾನೂ ಕೊಡ ಹೊತ್ತು ಅವರ ಹಿಂದೆ ಬೆಟ್ಟ ಹತ್ತಿದೆ. ಹೊಂಡದ ತಳದಲ್ಲಿ ಬೂದಿ ಕೂತಿತ್ತು. ಅದನ್ನು ಕೈಯಿಂದ ಬಾಚಿ ತೆಗೆದು, ಊರು ಕೊಟ್ಟ ನೀರನ್ನೆಲ್ಲ ಸುರಿದು, ಪಕ್ಕದ ನೆರಳಿಗೆ ಹಸಿ ಗೋಣಿಚೀಲ ಹಾಸಿದೆವು. ಆಮೇಲೆ ಬಂಡೆಯ ಬಿರುಕುಗಳತ್ತ ಕಿವಿಗೊಟ್ಟು ಸುಮ್ಮನೆ ಕೂತೆವು. ಅತ್ತೆ ಬಳೆ ಸದ್ದಾಗದಂತೆ ಕೈ ಹಿಡಿದುಕೊಂಡಿದ್ದರು. ಏನೂ ಕೇಳಿಸಲಿಲ್ಲ.

ಈಗ ಒಂದು ಹನಿ ಬಿದ್ದರೂ ಸಾಕು, ಮಿಕ್ಸಿ ನಿಲ್ಲಿಸಿ, ಟಿವಿ ಆರಿಸಿ ಬೆಟ್ಟದ ಕಡೆಯ ಕಿಟಕಿ ತೆರೆಯುತ್ತೇನೆ. ಮಳೆಯೇನೋ ಬರುತ್ತಿದೆ, ಯಾರೂ ಕರೆಯದೆ.