ಶುಕ್ರವಾರದ ಸ್ಕ್ಯಾನ್

ನಿನ್ನೆ ಕಾಚಿಗೂಡದ ಕಿರಾಣಿ ಅಂಗಡಿಯಲ್ಲಿ ಅರಿಶಿನ ಕೊಂಬಿನ ಚೀಲ ಬಿಚ್ಚಿದರು. ಆ ವಾಸನೆಗೆ ಮೇಲಿನ ಮನೆಯ ಸೊಸೆ ನೆನಪಾದಳು...

ಅವಳು ಸೈಂಟಿಸ್ಟ್. ಕ್ಯಾನ್ಸರಿಗೆ ಹೊಸ ಔಷಧ ಹುಡುಕುವ ಲ್ಯಾಬಿನಲ್ಲಿ ಕೆಲಸ. ಗಡ್ಡೆ ಇರುವ ಇಲಿಗಳಿಗೆ ಔಷಧ ಕೊಟ್ಟು, ಎಂ.ಆರ್.ಐ. ಸ್ಕ್ಯಾನಿನಲ್ಲಿ ಆ ಗಡ್ಡೆಯ ಒಳಗನ್ನು ನೋಡುತ್ತಿದ್ದಳು. ಗಡ್ಡೆ ಕರಗುವ ಮೊದಲೇ ಅದು ಸಕ್ಕರೆ ತಿನ್ನುವುದನ್ನು ಬಿಟ್ಟರೆ ಔಷಧ ನಾಟಿದೆ ಎಂದರ್ಥವಂತೆ. ನಮ್ಮ ಕಾನ್ವೆಂಟಿನ ಸೈನ್ಸ್ ಕಪ್ಪೆಯ ಹೊಟ್ಟೆಯಿಂದ ಮುಂದೆ ಹೋಗಿರಲಿಲ್ಲ. ಆದರೂ ಬೇಸರಿಸದೆ ಹೇಳುತ್ತಿದ್ದಳು, ಡಿಯರ್ ಗರ್ಲ್.

ಆ ಸ್ಕ್ಯಾನಿನ ಮ್ಯಾಗ್ನೆಟ್ ರೂಮಿಗೆ ಲೋಹ ಒಯ್ಯುವಂತಿಲ್ಲ. ಮೆಟ್ಟಿಲಿಳಿಯುವಾಗ ಮಂಗಳಸೂತ್ರ, ಕಾಲುಂಗುರ ತೆಗೆದು ನನ್ನ ಕೈಗಿಟ್ಟು ಹೋಗುವಳು. ಅವಳ ಅತ್ತೆಗೆ ಗೊತ್ತಿರಲಿಲ್ಲ, ಆಫ್ ಕೋರ್ಸ್.

ಒಂದು ಶುಕ್ರವಾರ ಗೊತ್ತಾಗಿಬಿಟ್ಟಿತು. ಅಂದೇ ಕೊನೆಯ ಸ್ಕ್ಯಾನ್. ಗಡ್ಡೆ ಕರಗುತ್ತಿಲ್ಲವೆಂದು ಲ್ಯಾಬಿನ ದೊಡ್ಡವರು ಆ ಔಷಧವನ್ನೇ ಕೈಬಿಡುವವರಿದ್ದರು. ಅವಳು ತಾಳಿ ತೆಗೆಯಲು ಕೈ ಹಾಕುತ್ತಲೇ ಅತ್ತೆ ನನ್ನ ಬಾಗಿಲಲ್ಲೇ ಅಡ್ಡ ನಿಂತರು.

“ಗಂಡ ಗುಂಡಕಲ್ಲಿನಂಗ ಅದಾನ, ತಾಳಿ ತಗದಿಟ್ಟು ಇಲಿ ನೋಡಾಕ ಹೊಂಟಾಳ್ರಿ ಇಕಿ! ಅದೂ ಶುಕ್ರವಾರ!”

“ಅತ್ತಿ, ಇವತ್ತ ನೋಡಲಿಲ್ಲಂದ್ರ ಎಲ್ಲಾ ಮುಗೀತ್ರಿ,” ಎಂದಳು.

ನಾನು ಅಡುಗೆಮನೆಯಿಂದ ಒಂದು ಅರಿಶಿನ ಕೊಂಬು, ನೂಲು ತಂದುಕೊಟ್ಟೆ. ಅತ್ತೆ ಗೊಣಗುತ್ತಲೇ ಅದನ್ನು ಸೊಸೆಯ ಕೊರಳಿಗೆ ಕಟ್ಟಿ, ಆಮೇಲೆ ಅವಳ ತಾಳಿಯನ್ನು ತಾವೇ ಬಿಚ್ಚಿ ಇಟ್ಟುಕೊಂಡರು. “ನಡಿ ಇನ್ನ. ಆ ಗಡ್ಡಿ ಉರದು ಹೋಗ್ಲಿ.”

ಸಂಜೆ ಆಟೋದಿಂದ ಇಳಿಯುತ್ತಲೇ ಕೂಗಿದಳು: “ಆಂಟೀ, ಗಡ್ಡಿ ಅಷ್ಟೇ ಐತ್ರಿ. ಆದರ ಸಕ್ಕರಿ ಮುಟ್ಟವಲ್ದು!”

“ನಮ್ಮ ಬೀಗರಂಗ ಸಿಟ್ಟಾಗೈತಿ ಬಿಡು,” ಎಂದರು ಅತ್ತೆ, ಬಾಲ್ಕನಿಯಿಂದ.

ಔಷಧ ಉಳಿಯಿತು. ಅವಳು ಉಳಿಯಲಿಲ್ಲ... ಹೋದ ಚಳಿಗಾಲ, ನಿದ್ದೆಯಲ್ಲೇ ಹಾರ್ಟ್ ನಿಂತುಹೋಯಿತು.

ಇಂದು ಬೆಳಿಗ್ಗೆ ಅವಳ ಲ್ಯಾಬಿನ ಗೆಳತಿ ಫೋನ್ ಮಾಡಿದ್ದಳು. ಆ ಔಷಧವನ್ನು ಈಗ ಪೇಷಂಟುಗಳಿಗೆ ಕೊಟ್ಟು ನೋಡುತ್ತಿದ್ದಾರಂತೆ. ಮೊಣಕಾಲು ಹಿಡಿದುಕೊಂಡೇ ಮೇಲೆ ಹತ್ತಿ ಅತ್ತೆಗೆ ಹೇಳಿದೆ.

“ಯಾರಿಗರೆ ಆರಾಮ ಆಗೇತೇನ್ರಿ?”

“ಇನ್ನೂ ನೋಡಾಕತ್ತಾರಂತ್ರಿ.”

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. “ಮೊದಲ ಯಾರಿಗೆ ಆರಾಮ ಆಗತೈತೋ, ಆ ಸುದ್ದಿ ನಮಗ ತಿಳಸಂತ ಹೇಳ್ರಿ ಆ ಹುಡುಗಿಗೆ. ಆಕಿ ಅಂತೂ ಇಲ್ಲ. ನಾವರೆ ಕಾಯೂಣು.”