ಗವಿಯ ಬಾಯಿಯ ಚಪ್ಪಲಿ

ರೆಹಾನಾ, ಆ ದಿನ ಮಸ್ಕಿ ಗುಡ್ಡದ ಗವಿಯ ಬಾಯಿಂದ ನಿನ್ನ ಚಪ್ಪಲಿ ತೆಗೆದವಳು ನಾನು. ನಿನ್ನ ತಮ್ಮ ಮೆಹಬೂಬ ಸುಳ್ಳು ಹೇಳಿರಲಿಲ್ಲ. ಇಷ್ಟು ವರ್ಷ ಅವನ ಮೇಲೆ ನೀನು ಸಾಧಿಸಿದ ಸಿಟ್ಟು ನನಗೆ ಸಲ್ಲಬೇಕಾದದ್ದು.

ಲಿಂಗಸುಗೂರಿನ ಒಂದೇ ಬಾಡಿಗೆ ಕೋಣೆಯಲ್ಲಿ ಓದುತ್ತಿದ್ದ ನಾವಿಬ್ಬರೂ ಪರೀಕ್ಷೆ ಮುಗಿದ ಮರುದಿನ ಬಸ್ಸು ಹತ್ತಿ ಬಂದಿದ್ದೆವು. ಸಿಂಧನೂರಿನಿಂದ ಬೈಕಿನಲ್ಲಿ ಬಂದು ಕೂಡಿಕೊಂಡ ಮೆಹಬೂಬ, ಬಂದವನೇ ಬಂಡೆಗಳ ನಡುವೆ ಮಳೆನೀರು ನಿಂತ ದೊಣೆಗೆ ಈಜಲು ಹಾರಿದ. ನಿನಗೆ ಗವಿ ನೋಡುವ ಹುಚ್ಚು. ನನಗೆ ನಿನಗಿಂತ ಹಿಂದೆ ಬೀಳಬಾರದೆಂಬ ಹಟ. ಒಳಗೆ ಲಿಂಗವಿದೆಯೆಂದು ಯಾರೇ ಹೋದರೂ ಬಾಯಿಯಲ್ಲೇ ಚಪ್ಪಲಿ ಬಿಡುವುದು ಅಲ್ಲಿಯ ರೂಢಿ. ಹೊರಗೆ ಚಪ್ಪಲಿ ಇದ್ದರೆ ಒಳಗೆ ಜನ ಇದ್ದಾರೆಂದೇ ಲೆಕ್ಕ.

ತೆವಳಿಕೊಂಡು ಹೋಗಬೇಕಾದ ಸಂದಿ ಬಂದಾಗ ನಾನು ಹಿಂದೆ ಸರಿದೆ. ನೀನು ನಕ್ಕುಬಿಟ್ಟೆ.

"ಅಂಜುಬುರುಕಿ! ಹೊರಗ ಹೋಗಿ ಕುಂದ್ರು. ಬಾವಲಿ ನಿನ್ನ ಕೇಳಿದ್ರ, ಆರಾಮ ಅದಾಳ ಅಂತ ಹೇಳ್ತೀನಿ."

ಆ ನಗು ನನಗೆ ಚುಚ್ಚಿತು. ಸುಡುವ ಬಂಡೆಯ ಮೇಲೆ ಬರಿಗಾಲಲ್ಲಿ ಕುಣಿಯುತ್ತಾ ಬರಲಿ, ಆಗ ನಾನೂ ನಗುತ್ತೇನೆ — ಮನಸ್ಸಿನಲ್ಲಿ ಇದ್ದದ್ದು ಅಷ್ಟೇ. ಹೊರಗೆ ಬಂದು ನಿನ್ನ ಹೊಸ ಚಪ್ಪಲಿಗಳನ್ನು ಚೀಲಕ್ಕೆ ತುರುಕಿ, ದೊಣೆಗೆ ಹೋಗಿ ಕಾಲು ಇಳಿಬಿಟ್ಟು ಕುಳಿತೆ.

ಬಹಳ ಹೊತ್ತಾಯಿತು. ನೀನು ಬರಲಿಲ್ಲ. ಮೆಹಬೂಬ ಒದ್ದೆ ಬಟ್ಟೆಯಲ್ಲೇ ಗವಿಗೆ ಓಡಿ, ಕೂಗಿ, ತಿರುಗಿ ಬಂದ.

"ಆಪಾನ ಚಪ್ಪಲಿ ಇಲ್ಲಕ್ಕಾ. ಕೆಳಗ ಇಳದು ಹೋಗ್ಯಾಳ ಕಾಣ್ತದ. ನೀವೇನರ ನೋಡೀರೇನ್ರಿ?"

"ಇಲ್ಲ," ಎಂದೆ.

ಚೀಲ ನನ್ನ ತೊಡೆಯ ಮೇಲೇ ಇತ್ತು. ತೆಗೆದು ತೋರಿಸಿದ್ದರೆ — ಅವನ ಮುಖದ ಗಾಬರಿ ನೋಡಿ ಚೀಲದ ಬಾಯನ್ನು ಇನ್ನಷ್ಟು ಬಿಗಿದೆ. ಅವನು ಗುಡ್ಡ ಇಳಿದು ಓಡಿದ ಮೇಲೆ ಚಪ್ಪಲಿಗಳನ್ನು ದೊಣೆಗೆ ಎಸೆದೆ. ಅವು ತೇಲಿದವು! ಮತ್ತೆ ಎಳೆದುಕೊಂಡು, ಕರವಸ್ತ್ರದಲ್ಲಿ ಕಲ್ಲು ಸೇರಿಸಿ ಕಟ್ಟಿ ಮುಳುಗಿಸಿದೆ. ರೆಹಾನಾ, ಕಲ್ಲು ಹುಡುಕುವಷ್ಟು ಹೊತ್ತು ನನಗಿತ್ತು. ಗವಿಗೆ ಹೋಗಿ ನಿನ್ನನ್ನು ನೋಡುವಷ್ಟು ಧೈರ್ಯ ಮಾತ್ರ ಇರಲಿಲ್ಲ.

ಬಸ್ ನಿಲ್ದಾಣ, ಊರು ಎಲ್ಲ ಹುಡುಕಿ ಸಂಜೆಗೆ ಜನರನ್ನು ಕರೆದುಕೊಂಡು ಮತ್ತೆ ಹತ್ತಿದೆವು. ಸಂದಿಯಿಂದ ಬಹಳ ಒಳಗೆ, ಹೊರಗಿನ ಕೂಗು ತಲುಪದ ಕಡೆ, ಬಂಡೆಗಳ ನಡುವೆ ಕಾಲು ಸಿಕ್ಕಿಕೊಂಡು, ಕೂಗಿ ಕೂಗಿ ದನಿ ಹೋಗಿ, ಕತ್ತಲಲ್ಲಿ ನೀನು ಬಿದ್ದಿದ್ದೆ. ಆ ಕಾಲನ್ನು ಇಂದಿಗೂ ಎಳೆದೇ ನಡೆಯುತ್ತೀ.

ಆಸ್ಪತ್ರೆಯಲ್ಲಿ ನೀನು ಅವನಿಗೆ ಹೇಳಿದ್ದು ನನಗೆ ಅಕ್ಷರ ಅಕ್ಷರ ನೆನಪಿದೆ. "ಚಪ್ಪಲಿ ಬಾಯಾಗೇ ಬಿಟ್ಟಿದ್ದೆ. ನೀ ಗವಿತನಕ ಬಂದೇ ಇಲ್ಲ. ಈಜಾಡ್ಕೋತ ಕುಂತು ಈಗ ಸುಳ್ಳು ಹೇಳಾಕತ್ತಿ."

"ಅಮ್ಮೀ ಆಣೆ ಆಪಾ, ಬಂದಿದ್ದೆ," ಎಂದು ಅವನು ಅತ್ತ. ನಾನು ಮಂಚದ ಪಕ್ಕದಲ್ಲಿ ನಿನಗೆ ಮೋಸಂಬಿ ಸುಲಿಯುತ್ತಿದ್ದೆ.

ಮೊನ್ನೆ ಅವನಿಗೆ ಮಗಳು ಹುಟ್ಟಿದಳು. ನೋಡಲು ನೀನು ಹೋಗಲಿಲ್ಲ. ನನಗೆ ಫೋನ್ ಮಾಡಿ, "ನನ್ನ ಪಾಲಿಗೆ ನೀನೊಬ್ಬಾಕಿ ಖರೇ ಅದಿ," ಅಂದೆ. ಫೋನ್ ಇಟ್ಟವಳೇ ಇದನ್ನು ಬರೆಯಲು ಕುಳಿತೆ.

ಶುಕ್ರವಾರ ಸಿಂಧನೂರಿಗೆ ಬರುತ್ತೇನೆ. ಮೊದಲು ಮೆಹಬೂಬನ ಮನೆಗೆ ಹೋಗಿ ಇದನ್ನೆಲ್ಲ ಹೇಳಿ, ಆಮೇಲೆ ನಿನ್ನ ಬಾಗಿಲಿಗೆ ಬರುತ್ತೇನೆ. ನೀನು ತೆಗೆಯದಿದ್ದರೂ ಸರಿಯೇ. ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ. ಆದರೆ ಅವನು ಗವಿಯ ತನಕ ಬಂದಿದ್ದ, ರೆಹಾನಾ. ಆಪಾ, ಆಪಾ ಎಂದು ಕೂಗಿದ್ದ — ನಾನು ದೊಣೆಯ ದಡದಲ್ಲಿ ಕುಳಿತು ಕೇಳಿಸಿಕೊಂಡಿದ್ದೆ.